ಅರವತ್ತಕ್ಕೂ ಎಪ್ಪತ್ತಕ್ಕೂ ನಡುವೆ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಕಟ್ಟಿದವರು ಅರವತ್ತು ತುಂಬಿದವನ ಕೈಗೆ ಆರೋಗ್ಯವಿಮೆಯ ಅರ್ಜಿಯನ್ನು ಕೊಟ್ಟು ನೋಡಿದವರಲ್ಲ. ಕೊಟ್ಟಿದ್ದರೆ, ಮರುಳು ಇರುವುದು ಮುದುಕನಲ್ಲೋ ಅರ್ಜಿಯಲ್ಲೋ ಎಂದು ಅವರೂ ಒಮ್ಮೆ ಯೋಚಿಸುತ್ತಿದ್ದರು. ನಮ್ಮ ಸಂಪ್ರದಾಯದಲ್ಲಿ ಅರವತ್ತು ತುಂಬಿದಾಗ ಷಷ್ಟ್ಯಬ್ದಿ, ಎಪ್ಪತ್ತಕ್ಕೆ ಭೀಮರಥ ಶಾಂತಿ. ದೇಹಕ್ಕೆ ಗಂಡಾಂತರಗಳು ಒದಗುವ ವಯಸ್ಸುಗಳಿವು ಎಂದು ಹಿರಿಯರು ಎಣಿಸಿದ್ದರಿಂದಲೇ ಎರಡು ಕಡೆಯೂ ಶಾಂತಿಯನ್ನು ಇಟ್ಟರು. ನಮ್ಮ ಸರ್ಕಾರಗಳೂ ಇವೇ ಎರಡು ವಯಸ್ಸುಗಳನ್ನು ಗಡಿಕಲ್ಲುಗಳನ್ನಾಗಿ ಆರಿಸಿಕೊಂಡಿರುವುದು ಕುತೂಹಲದ ಸಂಗತಿ. ಅರವತ್ತಕ್ಕೆ ರಾಜ್ಯ ಸರ್ಕಾರದ ನೌಕರನು ಸೇವೆಯಿಂದ ನಿವೃತ್ತನಾಗುತ್ತಾನೆ. ಸೇವೆಯೊಡನೆ ಬಂದಿದ್ದ ವೈದ್ಯಕೀಯ ರಕ್ಷಣೆಯೂ ಅಂದೇ ನಿವೃತ್ತವಾಗುತ್ತದೆ. ಎಪ್ಪತ್ತಕ್ಕೆ ಕೇಂದ್ರ ಸರ್ಕಾರದ ಹಿರಿಯರ ಕಾರ್ಡು ಅವನ ಹೆಸರಿಗೆ ಬರುತ್ತದೆ. ನಡುವಿನ ಹತ್ತು ವರ್ಷಗಳ ಯೋಗಕ್ಷೇಮವನ್ನು ಯಾರು ನೋಡಿಕೊಳ್ಳಬೇಕು? ಕಳೆದ ಕೆಲವು ವರ್ಷಗಳಲ್ಲಿ ನಿವೃತ್ತರ ಆರೋಗ್ಯವಿಮೆಯಲ್ಲಿ ಆಗಿರುವ ಬದಲಾವಣೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಉಳಿಯುವ ಪ್ರಶ್ನೆ ಇದೊಂದೇ.

ಈ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಕುಳಿತು ಕೇಳುವುದಕ್ಕಿಂತ ಚಳ್ಳಕೆರೆ, ಮೊಳಕಾಲ್ಮೂರುಗಳಲ್ಲಿ ನಿಂತು ಕೇಳುವುದು ಮೇಲು. ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳು ನಾಡಿನ ಅತ್ಯಂತ ಕಡಿಮೆ ಮಳೆಯ ಪ್ರದೇಶಕ್ಕೆ ಸೇರಿದವು. ಚಳ್ಳಕೆರೆ ಕಡಲೆಕಾಯಿ ಎಣ್ಣೆಯ ಗಿರಣಿಗಳಿಂದಲೂ ಕುರಿಯ ಉಣ್ಣೆಯ ಕಂಬಳಿಗಳಿಂದಲೂ ಹೆಸರಾದ ಊರು. ಮೊಳಕಾಲ್ಮೂರು ರೇಷ್ಮೆ ಸೀರೆಯ ಊರು. ಇಲ್ಲಿ ನಿವೃತ್ತರೆಂದರೆ ಒಂದೇ ಜಾತಿಯ ಜನರಲ್ಲ. ವಿಶ್ರಾಂತಿವೇತನ ಪಡೆಯುವ ಶಾಲಾ ಮೇಷ್ಟರಿದ್ದಾರೆ, ಬ್ಯಾಂಕಿನಲ್ಲಿ ದುಡಿದು ಬಂದವರಿದ್ದಾರೆ, ಅಂಚೆಯವರಿದ್ದಾರೆ, ಗಿರಣಿಯ ಕೂಲಿಕಾರರಿದ್ದಾರೆ. ನಿವೃತ್ತಿ ಎಂಬ ಮಾತೇ ಅನ್ವಯಿಸದ ನೇಕಾರರೂ ಕುರಿಗಾಹಿಗಳೂ ಇದ್ದಾರೆ. ತಾಲ್ಲೂಕು ಆಸ್ಪತ್ರೆಗಳು ಎರಡು ಊರುಗಳಲ್ಲಿಯೂ ಉಂಟು. ಆದರೆ ಹೃದಯಕ್ಕೋ ಮೂತ್ರಪಿಂಡಕ್ಕೋ ದೊಡ್ಡ ಚಿಕಿತ್ಸೆ ಬೇಕಾದಾಗ ಚಿತ್ರದುರ್ಗ, ದಾವಣಗೆರೆ, ಬಳ್ಳಾರಿ, ಕೊನೆಗೆ ಬೆಂಗಳೂರು ಎಂದು ದಾರಿ ಉದ್ದವಾಗುತ್ತ ಹೋಗುತ್ತದೆ. ವಿಮೆಯ ಕಾಗದದಲ್ಲಿ ಲಕ್ಷಗಳ ಲೆಕ್ಕವಿರುತ್ತದೆಯೇ ಹೊರತು ಮೈಲಿಗಳ ಲೆಕ್ಕವಿರುವುದಿಲ್ಲ.

ಮೊದಲು ಇತಿಹಾಸವನ್ನು ಸ್ವಲ್ಪ ನೋಡೋಣ. ಸ್ವತಂತ್ರ ಭಾರತದಲ್ಲಿ ವೈದ್ಯಕೀಯ ರಕ್ಷಣೆಯು ಮನುಷ್ಯನಿಗೆ ಅಂಟಿಕೊಂಡು ಬರಲಿಲ್ಲ. ಅವನ ಉದ್ಯೋಗಕ್ಕೆ ಅಂಟಿಕೊಂಡು ಬಂತು. ೧೯೪೮ರಲ್ಲಿ ನೌಕರರ ರಾಜ್ಯವಿಮಾ ಕಾಯಿದೆ ಆಯಿತು; ೧೯೫೨ರಲ್ಲಿ ಅದರ ಯೋಜನೆ ಕಾನಪುರ ಮತ್ತು ದೆಹಲಿಗಳಲ್ಲಿ ಕಾರ್ಯರೂಪಕ್ಕೆ ಬಂತು. ೧೯೫೪ರಲ್ಲಿ ಕೇಂದ್ರ ಸರ್ಕಾರದ ನೌಕರರಿಗಾಗಿ ಸಿ.ಜಿ.ಎಚ್.ಎಸ್. ಎಂಬ ಆರೋಗ್ಯ ಯೋಜನೆ ಹುಟ್ಟಿತು. ನಮ್ಮ ರಾಜ್ಯ ಸರ್ಕಾರದ ನೌಕರರಿಗೆ ೧೯೬೩ರ ವೈದ್ಯೋಪಚಾರ ನಿಯಮಗಳು ಬಂದವು. ಯಾವ ಉದ್ಯೋಗವೂ ಇಲ್ಲದ, ಆದರೆ ಹಣ ಕೊಡಬಲ್ಲ ಮನುಷ್ಯನಿಗೆ ‘ಮೆಡಿಕ್ಲೈಮ್’ ಎಂಬ ಪಾಲಿಸಿ ದೊರೆತದ್ದು ೧೯೮೬ರಲ್ಲಿ. ಹಣವೂ ಇಲ್ಲದ ರೈತನನ್ನು ಲೆಕ್ಕಕ್ಕೆ ಹಿಡಿದದ್ದು ೨೦೦೩ರ ಯಶಸ್ವಿನಿ. ಸಹಕಾರ ಸಂಘದ ಸದಸ್ಯನು ತಿಂಗಳಿಗೆ ಐದು ರೂಪಾಯಿ ಕೊಟ್ಟರೆ ಶಸ್ತ್ರಚಿಕಿತ್ಸೆಯ ಭರವಸೆ. ಆ ಯೋಜನೆ ೨೦೧೮ರಲ್ಲಿ ಬೇರೊಂದರೊಳಗೆ ಲೀನವಾಗಿ, ೨೦೨೩ರ ಜನವರಿಯಲ್ಲಿ ಮತ್ತೆ ತಲೆಯೆತ್ತಿತು. ರಾಜ್ಯದ ‘ಆರೋಗ್ಯ ಕರ್ನಾಟಕ’ವೂ ಕೇಂದ್ರದ ‘ಆಯುಷ್ಮಾನ್ ಭಾರತ’ವೂ ೨೦೧೮ರ ಅಕ್ಟೋಬರಿನಲ್ಲಿ ಒಂದಾದವು. ಈ ಎಪ್ಪತ್ತು ವರ್ಷಗಳ ಕಥೆಯಲ್ಲಿ ದುಡಿಯುವವನು ಒಬ್ಬ ನಾಯಕ, ಬಡವನು ಇನ್ನೊಬ್ಬ ನಾಯಕ. ದುಡಿದು ಮುಗಿಸಿದವನು ಮಾತ್ರ ನೇಪಥ್ಯದಲ್ಲಿಯೇ ಉಳಿದ.

ಅವನನ್ನು ರಂಗಕ್ಕೆ ಕರೆಯುವ ಪ್ರಯತ್ನಗಳು ಈಚಿನ ವರ್ಷಗಳಲ್ಲಿ ನಡೆದಿವೆ ಎಂಬುದನ್ನು ಒಪ್ಪಿಕೊಳ್ಳಬೇಕು. ೨೦೨೪ರ ಏಪ್ರಿಲ್ ೧ರಿಂದ ಜಾರಿಗೆ ಬಂದ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮಗಳು ಅರವತ್ತೈದು ದಾಟಿದವರಿಗೆ ಹೊಸ ಪಾಲಿಸಿ ಇಲ್ಲವೆನ್ನುವ ಹಳೆಯ ರೂಢಿಯನ್ನು ತೆಗೆದುಹಾಕಿದವು. ಮೊದಲೇ ಇದ್ದ ಕಾಯಿಲೆಗೆ ವಿಮೆ ಅನ್ವಯವಾಗಲು ಕಾಯಬೇಕಾದ ಅವಧಿಯ ಮಿತಿ ನಲವತ್ತೆಂಟು ತಿಂಗಳಿದ್ದುದು ಮೂವತ್ತಾರಕ್ಕೆ ಇಳಿಯಿತು. ೨೦೨೪ರ ಅಕ್ಟೋಬರ್ ೨೯ರಂದು ಎಪ್ಪತ್ತು ತುಂಬಿದ ಎಲ್ಲರಿಗೂ, ಆದಾಯವನ್ನು ಕೇಳದೆ, ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯ ‘ಆಯುಷ್ಮಾನ್ ವಯ ವಂದನಾ’ ಕಾರ್ಡಿನ ಯೋಜನೆ ಆರಂಭವಾಯಿತು. ೨೦೨೫ರ ಜನವರಿ ಕೊನೆಯಲ್ಲಿ, ಹಿರಿಯ ನಾಗರಿಕರ ವಿಮೆಯ ಕಂತನ್ನು ವರ್ಷಕ್ಕೆ ಶೇಕಡಾ ಹತ್ತಕ್ಕಿಂತ ಹೆಚ್ಚು ಏರಿಸಬೇಕಾದರೆ ತನ್ನೊಡನೆ ಮೊದಲು ಸಮಾಲೋಚಿಸಬೇಕೆಂದು ಪ್ರಾಧಿಕಾರವು ಕಂಪನಿಗಳಿಗೆ ಹೇಳಿತು. ೨೦೨೫ರ ಸೆಪ್ಟೆಂಬರ್ ೨೨ರಿಂದ ವ್ಯಕ್ತಿಗಳೂ ಕುಟುಂಬಗಳೂ ಕೊಳ್ಳುವ ಆರೋಗ್ಯವಿಮೆಯ ಮೇಲಿದ್ದ ಶೇಕಡಾ ಹದಿನೆಂಟರ ಸರಕು ಸೇವಾ ತೆರಿಗೆ ರದ್ದಾಯಿತು. ಅದರ ಮರುವಾರವೇ, ಅಕ್ಟೋಬರ್ ೧ರಿಂದ, ಸೇವೆಯಲ್ಲಿರುವ ರಾಜ್ಯ ಸರ್ಕಾರಿ ನೌಕರರಿಗೂ ಅವರ ಅವಲಂಬಿತರಿಗೂ ರೂಪಿಸಿದ ನಗದುರಹಿತ ಚಿಕಿತ್ಸೆಯ ‘ಕರ್ನಾಟಕ ಆರೋಗ್ಯ ಸಂಜೀವಿನಿ’ ಜಾರಿಗೆ ಬಂತು.

ಒಂದೊಂದನ್ನೇ ನೋಡಿದರೆ ಎಲ್ಲವೂ ಒಳ್ಳೆಯ ಕೆಲಸಗಳೇ. ಆದರೆ ಇವುಗಳ ಯೋಗ್ಯತೆ ಗೊತ್ತಾಗಬೇಕಾದರೆ ನಾಲ್ಕು ಮನೆಗಳ ಬಾಗಿಲು ತಟ್ಟಬೇಕು. ಈ ನಾಲ್ವರೂ ನಮ್ಮ ಕಲ್ಪನೆಯ ವ್ಯಕ್ತಿಗಳು. ಆದರೆ ಅವರ ಸ್ಥಿತಿ ನಿಯಮಗಳಿಂದಲೇ ಹುಟ್ಟಿದ್ದು.

ಮೊದಲನೆಯವರು ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟರು. ತಿಂಗಳ ಕೊನೆಯ ದಿನ ಅವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮಕ್ಕಳಿಂದ ಹಾಡು ಹೇಳಿಸಿ ಬೀಳ್ಕೊಟ್ಟಿದ್ದಾರೆ. ಸೇವೆಯಲ್ಲಿದ್ದಷ್ಟು ಕಾಲ, ೨೦೧೪-೧೫ರ ಸುಮಾರಿಗೆ ಬಂದ ‘ಜ್ಯೋತಿ ಸಂಜೀವಿನಿ’ಯಲ್ಲಿ ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡ ಮೊದಲಾದ ದೊಡ್ಡ ರೋಗಗಳಿಗೆ ಅವರಿಗೂ ಅವರ ಹೆಂಡತಿಗೂ ರಕ್ಷಣೆ ಇತ್ತು. ಶಾಲು ಹೊದ್ದು ಮನೆಗೆ ಬಂದ ಮರುದಿನ ಅದಿಲ್ಲ. ಮೇಷ್ಟರಿಗೆ ಸಕ್ಕರೆ ಕಾಯಿಲೆ, ಹೆಂಡತಿಗೆ ರಕ್ತದೊತ್ತಡ. ವಿಮಾ ಕಂಪನಿಯ ಪಾಲಿಸಿಯನ್ನು ಕೊಳ್ಳೋಣವೆಂದರೆ, ಆ ಕಾಯಿಲೆಗಳು ‘ಮೊದಲೇ ಇದ್ದವು’. ಹೆಚ್ಚೆಂದರೆ ಮೂರು ವರ್ಷ ಕಾಯಬೇಕಾಗಬಹುದು. ಅರವತ್ತಕ್ಕೆ ಕೊಂಡ ವಿಮೆ ಬೇಕಾದ ರೋಗಕ್ಕೆ ಒದಗುವುದು ಅರವತ್ತಮೂರಕ್ಕೆ. ಗುಂಪು ವಿಮೆಯಲ್ಲಿದ್ದವರು ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗವಾದರೆ ಹಿಂದಿನ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯುವ ನಿಯಮವುಂಟು. ಮೇಷ್ಟರಿಗೆ ಅದೂ ಇಲ್ಲ. ಜ್ಯೋತಿ ಸಂಜೀವಿನಿಯು ಕಂಪನಿಯ ಪಾಲಿಸಿಯಲ್ಲ, ಟ್ರಸ್ಟಿನ ಮೂಲಕ ಸರ್ಕಾರವೇ ಕೊಟ್ಟ ಭರವಸೆ. ಭರವಸೆಯಲ್ಲಿ ಕಳೆದ ವರ್ಷಗಳನ್ನು ವಿಮಾ ಮಾರುಕಟ್ಟೆ ವರ್ಷಗಳೆಂದು ಎಣಿಸುವುದಿಲ್ಲ.

ಹಾಗಾದರೆ ‘ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ’? ಮೇಷ್ಟರ ಮನೆಯಲ್ಲಿರುವುದು ಬಡತನದ ರೇಖೆಗಿಂತ ಮೇಲಿನವರ ಪಡಿತರ ಚೀಟಿ. ಅಂಥ ಕುಟುಂಬಕ್ಕೆ ಯೋಜನೆ ಕೊಡುವುದು ನಿಗದಿಯಾದ ಚಿಕಿತ್ಸಾ ದರದ ಶೇಕಡಾ ಮೂವತ್ತು, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಎರಡು ಲಕ್ಷದ ಚಿಕಿತ್ಸೆಯಾದರೆ ಅರವತ್ತು ಸಾವಿರ ಯೋಜನೆಯದು, ಒಂದು ಲಕ್ಷದ ನಲವತ್ತು ಸಾವಿರ ಮೇಷ್ಟರದು. ತುರ್ತು ಸಂದರ್ಭವಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆ ಚಿಕಿತ್ಸೆ ಇಲ್ಲವೆಂಬ ಶಿಫಾರಸು ಪತ್ರ ತಂದ ಮೇಲೆ ಮುಂದಿನ ಮಾತು. ನಿವೃತ್ತರಿಗಾಗಿ ‘ಸಂಧ್ಯಾಕಿರಣ’ ಎಂಬ ಸುಂದರವಾದ ಹೆಸರಿನ ಪ್ರತ್ಯೇಕ ಯೋಜನೆಯ ಮಾತು ಹಲವು ವರ್ಷಗಳಿಂದ ಕೇಳಿಬಂದಿದೆ. ಯೋಜನೆಯ ಮಾತು ಕೇಳುತ್ತ ಕಳೆದ ಒಂದೊಂದು ವರ್ಷವೂ ಮೇಷ್ಟರ ಆ ಹತ್ತು ವರ್ಷಗಳಿಂದಲೇ ಕಳೆದುಹೋಗುತ್ತದೆ.

ಎರಡನೆಯವರು ಬ್ಯಾಂಕಿನ ನಿವೃತ್ತ ಅಧಿಕಾರಿ. ಅವರ ಕಥೆ ಬೇರೆಯೇ ಪಾಠವನ್ನು ಹೇಳುತ್ತದೆ. ೨೦೧೫ರ ಮೇ ೨೫ರಂದು ಬ್ಯಾಂಕುಗಳ ಸಂಘಕ್ಕೂ ನೌಕರ ಸಂಘಟನೆಗಳಿಗೂ ಆದ ಹತ್ತನೆಯ ದ್ವಿಪಕ್ಷೀಯ ಒಪ್ಪಂದದಿಂದ, ಆಸ್ಪತ್ರೆಯ ಖರ್ಚನ್ನು ಬ್ಯಾಂಕೇ ಮರುಪಾವತಿ ಮಾಡುತ್ತಿದ್ದ ಪದ್ಧತಿ ಹೋಗಿ ಗುಂಪು ವಿಮೆ ಬಂತು. ಅಧಿಕಾರಿಗಳಿಗೆ ನಾಲ್ಕು ಲಕ್ಷ, ಇತರ ನೌಕರರಿಗೆ ಮೂರು ಲಕ್ಷ. ಸೇವೆಯಲ್ಲಿರುವವರ ಕಂತನ್ನು ಬ್ಯಾಂಕು ಕಟ್ಟುತ್ತದೆ. ನಿವೃತ್ತರೂ ಸೇರಬಹುದು, ಆದರೆ ಕಂತು ಅವರದೇ. ಮೊದಲ ವರ್ಷ ಸಂತೋಷವಾಗಿಯೇ ಸೇರಿದರು. ಆಮೇಲೆ ಕಂತು ಏರಿತು, ಮತ್ತೆ ಏರಿತು. ಏರಿದಂತೆಲ್ಲ ಆಯ್ಕೆಗಳೂ ಹೆಚ್ಚಿದವು. ಆಸ್ಪತ್ರೆ ಸೇರದೆ ಮನೆಯಲ್ಲಿಯೇ ಪಡೆಯುವ ಚಿಕಿತ್ಸೆಯ ಸೌಲಭ್ಯ ಸಹಿತವಾದ ಪಾಲಿಸಿ, ಅದು ರಹಿತವಾದ ಪಾಲಿಸಿ, ಮೇಲೆ ‘ಸೂಪರ್ ಟಾಪ್-ಅಪ್’. ವರ್ಷವರ್ಷವೂ ನವೆಂಬರ್ ೧ರೊಳಗೆ ತೀರ್ಮಾನ ತಿಳಿಸಬೇಕು. ಒಮ್ಮೆ ಬಿಟ್ಟವರಿಗೆ ಮರಳಿ ಬರುವ ಬಾಗಿಲು ಸದಾ ತೆರೆದಿರುವುದಿಲ್ಲ.

ಕಂತು ಏಕೆ ಏರಿತು? ಕಂಪನಿಯ ದುರಾಸೆ ಎಂದುಬಿಡುವುದು ಸುಲಭ. ನಿಜವಾದ ಕಾರಣ ಲೆಕ್ಕದಲ್ಲಿದೆ. ಚಳ್ಳಕೆರೆಯ ಸೀಮೆಯ ರೈತ ಹಿಂದೆ ಮಳೆಯಾದ ವರ್ಷ ಹಗೇವು ತುಂಬಿಸಿಡುತ್ತಿದ್ದ, ಬರ ಬಂದ ವರ್ಷ ಅದರ ಬಾಯಿ ತೆರೆಯುತ್ತಿದ್ದ. ವಿಮೆಯ ತತ್ತ್ವವೂ ಇಷ್ಟೇ. ಯುವಕರು ತುಂಬಿಸುತ್ತಾರೆ, ವೃದ್ಧರು ತೆಗೆಯುತ್ತಾರೆ. ಇಂದಿನ ಯುವಕರೇ ನಾಳಿನ ವೃದ್ಧರಾದ್ದರಿಂದ ಯಾರಿಗೂ ಅನ್ಯಾಯವಾಗುವುದಿಲ್ಲ. ನಿವೃತ್ತರನ್ನು ಸೇವೆಯಲ್ಲಿರುವವರಿಂದ ಬೇರ್ಪಡಿಸಿ ಅವರದೇ ಒಂದು ಗುಂಪು ಮಾಡಿದರೆ, ಆ ಹಗೇವಿಗೆ ಕಾಳು ಹಾಕುವವರೂ ತೆಗೆಯುವವರೂ ವೃದ್ಧರೇ. ಕಂತು ಏರಿದೊಡನೆ ಸ್ವಲ್ಪ ಗಟ್ಟಿಯಾಗಿರುವವರು ಹೊರಗೆ ಹೋಗುತ್ತಾರೆ, ರೋಗಿಗಳು ಉಳಿಯುತ್ತಾರೆ, ಮುಂದಿನ ವರ್ಷ ಕಂತು ಇನ್ನೂ ಏರುತ್ತದೆ. ಬರಗಾಲದಲ್ಲಿ ಹಗೇವು ತುಂಬಿಸು ಎಂದು ಹೇಳಿದಂತಾಗುತ್ತದೆ ಇದು. ೨೦೨೫ರ ತೆರಿಗೆ ವಿನಾಯಿತಿಯೂ ಈ ಅಧಿಕಾರಿಗೆ ದೊರೆಯಲಿಲ್ಲ. ವಿನಾಯಿತಿ ವೈಯಕ್ತಿಕ ಪಾಲಿಸಿಗಳಿಗೆ ಬಂತು, ಗುಂಪು ವಿಮೆಗೆ ಅನ್ವಯಿಸಲಿಲ್ಲ. ತನ್ನ ಜೇಬಿನಿಂದಲೇ ಕಂತು ಕಟ್ಟುವ ವೃದ್ಧನು ಕಾಗದದಲ್ಲಿ ‘ಗುಂಪು’ ಎನಿಸಿಕೊಂಡ ಮಾತ್ರಕ್ಕೆ ತೆರಿಗೆ ಕೊಡಬೇಕಾಗಿ ಬಂದುದಕ್ಕೆ ಸಮಾಧಾನ ಹೇಳುವುದು ಕಷ್ಟ.

ಮೂರನೆಯವನು ಎಣ್ಣೆ ಗಿರಣಿಯ ಹಳೆಯ ಕೂಲಿಕಾರ. ನೌಕರರ ರಾಜ್ಯವಿಮೆಯ ವ್ಯಾಪ್ತಿಯಲ್ಲಿ ಕನಿಷ್ಠ ಐದು ವರ್ಷ ದುಡಿದು ವಯಸ್ಸಾಗಿ ನಿವೃತ್ತನಾದವನಿಗೆ ಒಂದು ಅಪರೂಪದ ಹಕ್ಕಿದೆ: ವರ್ಷಕ್ಕೆ ನೂರಿಪ್ಪತ್ತು ರೂಪಾಯಿ ಕಟ್ಟಿದರೆ ಅವನಿಗೂ ಅವನ ಹೆಂಡತಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ತಿಂಗಳಿಗೆ ಹತ್ತು ರೂಪಾಯಿ! ಇಡೀ ದೇಶದಲ್ಲಿ ನಿವೃತ್ತನಿಗೆ ಇಷ್ಟು ಅಗ್ಗವಾದ ರಕ್ಷಣೆ ಇನ್ನೊಂದಿರಲಾರದು. ಇದು ಸಾಧ್ಯವಾದದ್ದು ಹಗೇವು ಒಂದೇ ಆಗಿರುವುದರಿಂದ. ದುಡಿಯುವವರೂ ದುಡಿದು ಮುಗಿಸಿದವರೂ ಅಲ್ಲಿ ಒಟ್ಟಿಗಿದ್ದಾರೆ. ಆದರೆ ಈ ಹಕ್ಕು ಹಾಜರಿ ಪುಸ್ತಕದಲ್ಲಿ ಹೆಸರಿದ್ದವನದು. ಸುಗ್ಗಿಯ ಕಾಲದಲ್ಲಿ ಮೂಟೆ ಹೊತ್ತು, ಉಳಿದ ಕಾಲ ಬೇರೆ ಊರಿಗೆ ಗುಳೆ ಹೋಗಿ ಜೀವನ ಸಾಗಿಸಿದ ಹಮಾಲಿಗೆ ಐದು ವರ್ಷದ ದಾಖಲೆ ಎಲ್ಲಿಂದ ಬರಬೇಕು?

ನಾಲ್ಕನೆಯವನು ಮೊಳಕಾಲ್ಮೂರಿನ ನೇಕಾರ. ನೆಲದ ಕುಣಿಯಲ್ಲಿ ಕಾಲಿಳಿಸಿ ಕುಳಿತು ನಲವತ್ತು ವರ್ಷ ಅಂಚು ಸೆರಗುಗಳನ್ನು ನೇಯ್ದವನು. ಅವನಿಗೆ ಬೀಳ್ಕೊಡುಗೆಯಿಲ್ಲ, ಶಾಲಿಲ್ಲ. ಕಣ್ಣು ಮಂಜಾಗಿ ಎಳೆ ಕಾಣದೆ ಹೋದ ದಿನವೇ ನಿವೃತ್ತಿ. ಕೈಮಗ್ಗದ ನೇಕಾರರಿಗಾಗಿ ೨೦೦೫-೦೬ರಲ್ಲಿ ಒಂದು ವಿಮಾ ಯೋಜನೆ ಬಂದಿತ್ತು, ಕುಟುಂಬಕ್ಕೆ ವರ್ಷಕ್ಕೆ ಹದಿನೈದು ಸಾವಿರ ರೂಪಾಯಿಯ ಮಿತಿ. ಅದರ ಒಂದು ಗುಣವನ್ನು ನೆನೆಯಬೇಕು: ಆ ಹದಿನೈದು ಸಾವಿರದಲ್ಲಿ ಅರ್ಧದಷ್ಟನ್ನು ಆಸ್ಪತ್ರೆಯಲ್ಲಿ ಮಲಗದೆ ಪಡೆಯುವ ಚಿಕಿತ್ಸೆಗೂ ಬಳಸಬಹುದಾಗಿತ್ತು. ಈಗ ಆ ಯೋಜನೆಯಿಲ್ಲ. ಆದರೆ ಅವನ ಮನೆಯ ಪಡಿತರ ಚೀಟಿ ಬಡವರದಾದ್ದರಿಂದ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಪೂರ್ಣ ರಕ್ಷಣೆಯಿದೆ. ಅವನು ಎಪ್ಪತ್ತು ದಾಟಿದರೆ, ಕೇಂದ್ರದ ಯೋಜನೆಯಂತೆ, ಮನೆಯ ಕಿರಿಯರೊಡನೆ ಹಂಚಿಕೊಳ್ಳಬೇಕಾಗಿಲ್ಲದ ಇನ್ನೊಂದು ಐದು ಲಕ್ಷ ಅವನ ಪಾಲಿಗೆ. ಲೆಕ್ಕದಲ್ಲಿ ನೇಕಾರನ ಸ್ಥಿತಿ ಮೇಷ್ಟರಿಗಿಂತ ಉತ್ತಮ. ಇದರಿಂದ ಮೇಷ್ಟರು ಅಸೂಯೆ ಪಡಬೇಕಾಗಿಲ್ಲ. ಆಯ್ಕೆಯ ಅರ್ಜಿಯನ್ನೇ ತುಂಬದ ಮನುಷ್ಯನಿಗೆ ಹೆಚ್ಚು ದೃಢವಾದ ರಕ್ಷಣೆ ದೊರೆತಿರುವಾಗ, ಆಯ್ಕೆಗಳನ್ನು ಹೆಚ್ಚಿಸುವುದೇ ಸುಧಾರಣೆ ಎಂಬ ನಂಬಿಕೆ ಎಷ್ಟು ನಿಜ ಎಂಬುದನ್ನು ಮಾತ್ರ ನಾವು ಕೇಳಿಕೊಳ್ಳಬೇಕು.

ಇಲ್ಲಿ ‘ಪೂರಕ’ ಎಂಬ ಮಾತನ್ನು ಸ್ವಲ್ಪ ವಿಚಾರಿಸಬೇಕು. ನಿವೃತ್ತರಿಗೆ ಇಂದು ಮಾರಾಟಕ್ಕಿರುವ ವಿಮೆಗಳಲ್ಲಿ ಅನೇಕವು ಪೂರಕ ವಿಮೆಗಳು. ‘ಟಾಪ್-ಅಪ್’ ಪಾಲಿಸಿಯಲ್ಲಿ ಮೂರು ಲಕ್ಷದ ಹೊಸ್ತಿಲಿದೆ ಎನ್ನೋಣ. ಒಂದು ಸಲದ ಆಸ್ಪತ್ರೆಯ ಖರ್ಚು ಅದನ್ನು ದಾಟಿದರೆ ಮಾತ್ರ ಕಂಪನಿ ಕೊಡುತ್ತದೆ. ‘ಸೂಪರ್ ಟಾಪ್-ಅಪ್’ನಲ್ಲಿ ವರ್ಷದ ಎಲ್ಲ ಖರ್ಚುಗಳನ್ನೂ ಕೂಡಿಸಿ ಹೊಸ್ತಿಲನ್ನು ನೋಡುತ್ತಾರೆ. ವರ್ಷದಲ್ಲಿ ಎರಡು ಸಲ ಎರಡೆರಡು ಲಕ್ಷ ಖರ್ಚಾದವನಿಗೆ ಮೊದಲನೆಯದರಿಂದ ಒಂದು ಕಾಸೂ ಬಾರದು. ಎರಡನೆಯದರಿಂದ ಒಂದು ಲಕ್ಷ ಬರುತ್ತದೆ. ಒಂದು ಪದದ ವ್ಯತ್ಯಾಸ, ಒಂದು ಲಕ್ಷದ ಅಂತರ. ಹೆಸರುಗಳ ಗೊಂದಲವಂತೂ ಹೇಳತೀರದು. ರಾಜ್ಯ ಸರ್ಕಾರದ ನೌಕರರದು ‘ಆರೋಗ್ಯ ಸಂಜೀವಿನಿ’; ೨೦೨೦ರ ಏಪ್ರಿಲಿನಿಂದ ಎಲ್ಲ ಆರೋಗ್ಯವಿಮಾ ಕಂಪನಿಗಳೂ ಒಂದೇ ರೂಪದಲ್ಲಿ ಮಾರಬೇಕೆಂದು ವಿಧಿಸಿದ ಪಾಲಿಸಿ ‘ಆರೋಗ್ಯ ಸಂಜೀವನಿ’. ಒಂದು ಗುಡಿಸಿನ ಅಂತರದಲ್ಲಿ ಒಂದು ಸರ್ಕಾರದ್ದು, ಇನ್ನೊಂದು ಮಾರುಕಟ್ಟೆಯದು. ಈ ಎರಡನೆಯದರಲ್ಲಿ ಪ್ರತಿ ಬಿಲ್ಲಿನ ಶೇಕಡಾ ಐದು ರೋಗಿಯೇ ಕೊಡಬೇಕು. ಕಣ್ಣಿನ ಪೊರೆಯ ಚಿಕಿತ್ಸೆಗೆ ಬೇರೆಯೇ ಮಿತಿ.

ಪೂರಕವೆಂದರೆ ಯಾವುದಕ್ಕೋ ಪೂರಕವಾಗಿರಬೇಕಲ್ಲವೆ? ಅಮೆರಿಕಾದಲ್ಲಿ ೧೯೬೫ರ ಜುಲೈ ೩೦ರಂದು ಅಧ್ಯಕ್ಷ ಜಾನ್ಸನ್ ‘ಮೆಡಿಕೇರ್’ ಕಾಯಿದೆಗೆ ಸಹಿ ಹಾಕಿದರು. ಅರವತ್ತೈದು ತುಂಬಿದವರ ಆಸ್ಪತ್ರೆಯ ಖರ್ಚಿಗೆ ಸರ್ಕಾರವೇ ತಳಹದಿಯನ್ನು ಹಾಕಿತು. ಅದು ಬಿಟ್ಟ ಸಂದುಗಳನ್ನು ತುಂಬಲು ಖಾಸಗಿ ಕಂಪನಿಗಳ ಪೂರಕ ವಿಮೆ ಬಂತು. ಅಲ್ಲಿಯೂ ಆಯ್ಕೆಗಳ ಕಾಡು ಬೆಳೆದು ವೃದ್ಧರು ದಾರಿ ತಪ್ಪಿದಾಗ, ೧೯೯೦ರ ಒಂದು ಕಾನೂನಿನಿಂದ ಪೂರಕ ವಿಮೆಗಳನ್ನೆಲ್ಲ ಅಕ್ಷರಗಳ ಹೆಸರಿನ ಹತ್ತು ನಿಶ್ಚಿತ ಮಾದರಿಗಳಿಗೆ ಇಳಿಸಿದರು. ಅರವತ್ತೈದು ತುಂಬಿ ಮೆಡಿಕೇರ್ ಸೇರಿದವನಿಗೆ ಆರು ತಿಂಗಳ ಅವಧಿಯಲ್ಲಿ, ಅವನಿಗೆ ಯಾವ ರೋಗವಿದ್ದರೂ, ಪೂರಕ ವಿಮೆಯನ್ನು ನಿರಾಕರಿಸುವಂತಿಲ್ಲ. ಆ ದೇಶದ ವೈದ್ಯಕೀಯ ವ್ಯವಸ್ಥೆಯ ದೋಷಗಳು ಜಗತ್ತಿಗೇ ಗೊತ್ತು; ಅದನ್ನು ಮಾದರಿಯೆಂದು ಹೊಗಳಬೇಕಾಗಿಲ್ಲ. ಆದರೆ ತಳಹದಿ ಮೊದಲು, ಪೂರಕ ಆಮೇಲೆ ಎಂಬ ಕ್ರಮವನ್ನು ಅವರು ಮರೆಯಲಿಲ್ಲ. ನಮ್ಮ ಮೇಷ್ಟರಿಗೆ ತಳಹದಿ ಎಪ್ಪತ್ತಕ್ಕೆ ದೊರೆಯುತ್ತದೆ. ಪೂರಕವನ್ನು ಅರವತ್ತಕ್ಕೇ ಕೊಳ್ಳಬೇಕು.

ಇನ್ನೊಂದು ಮಾತು ಹೇಳದಿದ್ದರೆ ಈ ವಿಮರ್ಶೆ ಅಪೂರ್ಣ. ಇವೆಲ್ಲವೂ ಹೆಚ್ಚಾಗಿ ಆಸ್ಪತ್ರೆಯಲ್ಲಿ ಮಲಗಿದವನ ವಿಮೆಗಳು. ಆಯುಷ್ಮಾನ್ ಯೋಜನೆಯಲ್ಲಿ ಆಸ್ಪತ್ರೆ ಸೇರುವ ಮುಂಚಿನ ಮೂರು ದಿನ, ಬಿಟ್ಟ ಮೇಲಿನ ಹದಿನೈದು ದಿನಗಳ ಖರ್ಚು ಸೇರಿದೆ; ಹದಿನಾರನೆಯ ದಿನದಿಂದ ಮಾತ್ರೆ ಅವನದೇ. ವೃದ್ಧಾಪ್ಯದ ರೋಗಗಳಾದರೋ ಬಹುಮಟ್ಟಿಗೆ ಮಲಗಿಸುವ ರೋಗಗಳಲ್ಲ, ತಿಂಗಳು ತಿಂಗಳೂ ಔಷಧಿಯ ಚೀಟಿ ಹಿಡಿದು ನಡೆಸುವ ರೋಗಗಳು. ಆ ಮಾತ್ರೆಯನ್ನು ಖರ್ಚಿನ ಭಯದಿಂದ ದಿನ ಬಿಟ್ಟು ದಿನ ನುಂಗಿದವನೇ ಮುಂದೆ ಲಕ್ಷಗಳ ರೋಗಿಯಾಗುತ್ತಾನೆ. ಈ ಸತ್ಯ ಸರ್ಕಾರಕ್ಕೆ ಗೊತ್ತಿಲ್ಲದ್ದೇನೂ ಅಲ್ಲ. ಸಿ.ಜಿ.ಎಚ್.ಎಸ್. ಕೇಂದ್ರವಿಲ್ಲದ ಊರಿನಲ್ಲಿ ನೆಲಸಿದ ಕೇಂದ್ರದ ನಿವೃತ್ತ ನೌಕರನಿಗೆ, ಅಂದರೆ ನಮ್ಮ ಅಂಚೆಯವರಂಥವರಿಗೆ, ಮಾಸಿಕ ವೈದ್ಯಕೀಯ ಭತ್ಯೆಯುಂಟು. ೨೦೧೭ರಲ್ಲಿ ಅದನ್ನು ಸಾವಿರ ರೂಪಾಯಿಗೆ ಏರಿಸಲಾಯಿತು. ದಿನದ ಔಷಧಿಗೆ ಆ ಭತ್ಯೆ, ಆಸ್ಪತ್ರೆಯ ಚಿಕಿತ್ಸೆಗೆ ಯೋಜನೆಯ ಕಾರ್ಡು ಎಂದು ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಅವಕಾಶವಿದೆ. ಹತ್ತು ವರ್ಷಗಳ ವಂತಿಗೆಯನ್ನು ಒಮ್ಮೆಗೇ ಕಟ್ಟಿದರೆ ಆ ಕಾರ್ಡು ಜೀವಮಾನ ಪರ್ಯಂತ. ಒಂದೇ ಬೀದಿಯಲ್ಲಿ ವಾಸವಾಗಿರುವ ನಿವೃತ್ತ ಅಂಚೆಪಾಲಕರಿಗೂ ನಿವೃತ್ತ ಮೇಷ್ಟರಿಗೂ ಇಷ್ಟು ಅಂತರವಿರಬೇಕಾದ ಕಾರಣವನ್ನು ಯಾವ ವೈದ್ಯನೂ ಹೇಳಲಾರ. ಇಬ್ಬರ ಸಕ್ಕರೆಯೂ ಒಂದೇ.

‘ಹಣ ಎಲ್ಲಿಂದ?’ ಎಂಬ ಪ್ರಶ್ನೆ ಬಂದೇ ಬರುತ್ತದೆ, ಬರಬೇಕಾದುದೂ ನ್ಯಾಯವೇ. ವಿಶ್ರಾಂತಿವೇತನದ ಭಾರವೇ ರಾಜ್ಯದ ಬೊಕ್ಕಸದ ಮೇಲೆ ದೊಡ್ಡದಾಗಿರುವಾಗ ನಿವೃತ್ತರ ವೈದ್ಯೋಪಚಾರವನ್ನು ಪೂರ್ತಿಯಾಗಿ ಹೊರು ಎನ್ನುವುದು ಉಚಿತವಲ್ಲ. ಪಿಂಚಣಿಯಿಲ್ಲದ ಕೋಟ್ಯಂತರ ಜನರಿರುವಾಗ ಪಿಂಚಣಿದಾರನಿಗೆ ಏಕೆ ಮೊದಲ ಮಣೆ ಎಂದು ಕೇಳುವವರ ಮಾತಿನಲ್ಲಿಯೂ ಸತ್ಯವಿದೆ. ಆದರೆ ಇಲ್ಲಿ ಬೇಡುತ್ತಿರುವುದು ದಾನವಲ್ಲ. ೨೦೨೫ರ ಅಕ್ಟೋಬರಿನಿಂದ ನೌಕರರ ಯೋಜನೆಗೆ ವೇತನದಿಂದ ಮಾಸಿಕ ವಂತಿಗೆ ಕಡಿತವಾಗುವ ಕ್ರಮ ಬಂದಿದೆ. ಆ ವಂತಿಗೆಯನ್ನು ವಿಶ್ರಾಂತಿವೇತನದಿಂದಲೂ ಮುಂದುವರಿಸಿ, ನಿವೃತ್ತನನ್ನು ಅದೇ ಹಗೇವಿನಲ್ಲಿ ಉಳಿಸಿಕೊಂಡರೆ ಹತ್ತು ವರ್ಷಗಳ ಕಂದಕ ಮುಚ್ಚುತ್ತದೆ. ಎಪ್ಪತ್ತರ ಬಳಿಕ ಕೇಂದ್ರದ ಕಾರ್ಡು ಆ ಭಾರದಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಮಾರುಕಟ್ಟೆಗೇ ಹೋಗಬಯಸುವವನಿಗೆ, ಸರ್ಕಾರದ ಯೋಜನೆಯಲ್ಲಿ ಕಳೆದ ವರ್ಷಗಳನ್ನು ಕಾಯುವ ಅವಧಿಗೆ ವಜಾ ಹಾಕುವ ನಿಯಮವನ್ನು ಪ್ರಾಧಿಕಾರ ಮಾಡಬಹುದು. ಪಿಂಚಣಿಯಿಲ್ಲದ ಹಮಾಲಿಗೂ ನೇಕಾರನಿಗೂ ಬೇಕಾದದ್ದು ಹೊಸ ಪಾಲಿಸಿಯಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ತಿಂಗಳ ಮಾತ್ರೆ ತಪ್ಪದೆ ಸಿಗುವುದು, ಯಾವ ಕಾರ್ಡು ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆಂದು ಕೂರಿಸಿಕೊಂಡು ಹೇಳುವ ಒಬ್ಬ ಮನುಷ್ಯ ಇರುವುದು. ‘ಆರೋಗ್ಯಮಿತ್ರ’ ಎಂಬ ಹುದ್ದೆ ಯೋಜನೆಯಲ್ಲಿ ಈಗಾಗಲೇ ಇದೆ. ಮಿತ್ರನಿಗೆ ರೋಗಿ ಚಿತ್ರದುರ್ಗದ ದೊಡ್ಡ ಆಸ್ಪತ್ರೆಯ ಬಾಗಿಲಿಗೆ ಬಂದ ಮೇಲೆ ಸಿಗುವುದಕ್ಕಿಂತ, ಊರು ಬಿಡುವ ಮುಂಚೆ ಸಿಗುವ ಕೆಲಸವಿರಬೇಕು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ತಂದೆತಾಯಿಗಳ ಶುಶ್ರೂಷೆ ಮಾಡಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬ ಉಪದೇಶ ಆ ಬಂಡೆಯ ಮೇಲಿದೆ. ಅದರ ಪ್ರಾಕೃತದಲ್ಲಿ ಆ ಪದಕ್ಕೆ ಹಿರಿಯರ ಮಾತನ್ನು ಕೇಳಿ ನಡೆಯುವುದು ಎಂದರ್ಥ. ಕೇಳಬೇಕೆಂಬ ಇಚ್ಛೆಯೇ ಶುಶ್ರೂಷೆಯ ಮೂಲಾರ್ಥವೆಂದು ಸಂಸ್ಕೃತವನ್ನು ಬಲ್ಲ ವಾಚಕರಿಗೆ ಹೇಳಬೇಕಾಗಿಲ್ಲ. ಕಾಲ ಕಳೆದಂತೆ ಕನ್ನಡದಲ್ಲಿ ಅದು ರೋಗಿಯ ಆರೈಕೆ ಎಂಬ ಅರ್ಥಕ್ಕೆ ಬಂದು ನಿಂತಿದೆ. ನಿವೃತ್ತರ ವಿಮೆಯ ವಿಷಯದಲ್ಲಿ ಸರ್ಕಾರವೂ ಕಂಪನಿಗಳೂ ಆರೈಕೆಯ ಮಾತನ್ನು ಬೇಕಾದಷ್ಟು ಆಡಿವೆ; ಪದದ ಹಳೆಯ ಅರ್ಥ ಇನ್ನೂ ಬಾಕಿಯಿದೆ. ಆಚಾರ್ಯರನ್ನು ಗೌರವಿಸೆಂದು ಎರಡು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಹೇಳುತ್ತಿರುವ ಕಲ್ಲಿನ ಸೀಮೆಯಲ್ಲಿಯೇ, ಶಾಲು ಹೊದ್ದು ಮನೆಗೆ ಬಂದ ಮೇಷ್ಟರು ತಮ್ಮ ಅರವತ್ತೊಂದನೆಯ ವರ್ಷದಲ್ಲಿ, ಎಪ್ಪತ್ತಾಗಲು ಇನ್ನೆಷ್ಟು ತಿಂಗಳುಗಳಿವೆ ಎಂದು ಎಣಿಸುತ್ತ ಕುಳಿತಿರಬೇಕಾಗಿ ಬಂದರೆ, ನಾವು ಶಾಸನವನ್ನು ಓದಿದ್ದೇವೆ ಎಂದು ಹೇಳಿಕೊಳ್ಳುವುದು ಸರಿಯಾಗಲಾರದು.